ಊರಿನ ನಾಡಿ

ಪಶ್ಚಿಮ ಘಟ್ಟದ ಕುದುರೆಮುಖ ಶ್ರೇಣಿಯಲ್ಲಿ ಹುಟ್ಟುವ ನೇತ್ರಾವತಿಯು ಬೆಳ್ತಂಗಡಿ ತಾಲ್ಲೂಕಿನ ಕಾಡುಗಳನ್ನೂ ಅಡಿಕೆ ತೋಟಗಳನ್ನೂ ಹಾದು, ಉಪ್ಪಿನಂಗಡಿಯಲ್ಲಿ ಕುಮಾರಧಾರೆಯನ್ನು ಕೂಡಿಕೊಂಡು, ಬಂಟ್ವಾಳ ಪೇಟೆಯ ಮಗ್ಗುಲಲ್ಲಿ ಹರಿದು ಮಂಗಳೂರಿನ ಬಳಿ ಕಡಲನ್ನು ಸೇರುತ್ತದೆ. ಹೊಳೆಯ ಬಡಗು ದಿಕ್ಕಿಗೆ ಸಾವಿರ ಕಂಬದ ಬಸದಿಯ ಊರಾದ ಮೂಡುಬಿದಿರೆ. ಹಿಂದೆ ಮಂಗಳೂರು ತಾಲ್ಲೂಕಿಗೆ ಸೇರಿದ್ದ ಅದು ಈಗ ತಾನೇ ಒಂದು ತಾಲ್ಲೂಕಾಗಿದೆ. ಬಯಲುಸೀಮೆಯ ಜನರು ಊರು ಎಂದೊಡನೆ ಕಣ್ಣಮುಂದೆ ತಂದುಕೊಳ್ಳುವ ಬೀದಿ ಈ ಸೀಮೆಯ ಹಳ್ಳಿಗಳಲ್ಲಿ ಕಾಣುವುದಿಲ್ಲ. ಗುಡ್ಡದ ಬುಡದಲ್ಲಿ ಒಂದು ಮನೆ. ಗದ್ದೆಯನ್ನು ದಾಟಿದರೆ ಇನ್ನೊಂದು. ತೋಡಿನ ಆಚೆಗೆ, ಅಡಿಕೆ ಮರದ ಸಂಕದ ಮೇಲೆ ನಡೆದರೆ ಮತ್ತೊಂದು. ಇಂತಹ ಕಡೆಗಳಲ್ಲಿ ಒಂದು ಮನೆಗೆ ಬಂದ ಜ್ವರವು ಇನ್ನೊಂದು ಮನೆಗೆ ತಿಳಿಯುವುದೇ ತಡ. ಹತ್ತು ಮನೆಗಳ ಹತ್ತು ಜ್ವರಗಳೂ ಒಂದೇ ಎಂಬುದು ತಿಳಿಯಬೇಕಾದರೆ ಎಷ್ಟು ದಿನ ಬೇಕಾದೀತು?

ವೈದ್ಯನು ತನ್ನ ಮುಂದೆ ಬಂದು ಕುಳಿತ ರೋಗಿಯ ಕೈ ಹಿಡಿದು ನಾಡಿಯನ್ನು ನೋಡುತ್ತಾನೆ. ಆತನ ವಿದ್ಯೆ ಆ ಒಬ್ಬನಿಗೆ ಮೀಸಲು. ಆದರೆ ಊರಿಗೂ ಒಂದು ನಾಡಿ ಉಂಟು. ಎಷ್ಟು ಜನ ಕಾಯಿಲೆ ಬಿದ್ದರು, ಯಾವ ಮನೆಗಳಲ್ಲಿ, ಯಾವ ತಿಂಗಳಲ್ಲಿ, ಅವರು ಮಾಡುವ ಕೆಲಸವೇನು, ಕುಡಿಯುವ ನೀರು ಎಲ್ಲಿಯದು, ಬೀಳದೆ ಉಳಿದವರಾರು ಎಂಬ ಪ್ರಶ್ನೆಗಳಿಂದ ಮಾತ್ರ ಆ ನಾಡಿ ಕೈಗೆ ಸಿಕ್ಕುತ್ತದೆ. ರೋಗಿಯು ಆಸ್ಪತ್ರೆಗೆ ಬರುವವರೆಗೆ ಕಾಯದೆ, ರೋಗಿಯನ್ನೂ ನಿರೋಗಿಯನ್ನೂ ಒಂದೇ ಲೆಕ್ಕದಲ್ಲಿ ಹಿಡಿದು, ಇಡೀ ಜನಸಮುದಾಯವನ್ನು ನೋಡುವ ಈ ಕ್ರಮಕ್ಕೆ ಜನಸಮುದಾಯದ ಆರೋಗ್ಯ ನಿರ್ವಹಣೆ ಎಂದು ಹೆಸರು. ಹೆಸರು ಹೊಸದು, ಅದರ ಅಗತ್ಯವನ್ನು ಬೆಳ್ತಂಗಡಿಯ ಜನರು ಬಹಳ ಹಿಂದೆಯೇ, ದೊಡ್ಡ ಬೆಲೆ ತೆತ್ತು ಅರಿತರು.

ಆ ಕಥೆಯ ಮೊದಲು ಶಿವಮೊಗ್ಗ ಜಿಲ್ಲೆಯದು. 1957ರ ಬೇಸಗೆಯಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸುತ್ತಣ ಹಳ್ಳಿಗಳಲ್ಲಿ ಜನರಿಗೆ ಒಂದು ವಿಚಿತ್ರ ಜ್ವರ ಬರತೊಡಗಿತು. ಅದೇ ಕಾಲದಲ್ಲಿ ಕಾಡಿನ ಮಂಗಗಳೂ ಮುಸುವಗಳೂ ಮರದಿಂದ ಬಿದ್ದು ಸಾಯುತ್ತಿದ್ದವು. ಮಂಗನ ಸಾವನ್ನೂ ಮನುಷ್ಯನ ಜ್ವರವನ್ನೂ ಒಟ್ಟಿಗಿಟ್ಟು ನೋಡಿದುದೇ ಆಗ ನಡೆದ ದೊಡ್ಡ ಕೆಲಸ. ಆಫ್ರಿಕ ಮತ್ತು ಅಮೆರಿಕಗಳ ಹಳದಿ ಜ್ವರವು ಭಾರತಕ್ಕೂ ಕಾಲಿಟ್ಟಿತೇ ಎಂಬ ಅಂಜಿಕೆಯಿಂದ ಪುಣೆಯ ವೈರಸ್ ಸಂಶೋಧನ ಕೇಂದ್ರದ ವಿಜ್ಞಾನಿಗಳು ಅಲ್ಲಿಗೆ ಧಾವಿಸಿದರು. ಅವರು ಕಂಡದ್ದು ಹಳದಿ ಜ್ವರವನ್ನಲ್ಲ. ಜಗತ್ತಿಗೆ ಅದುವರೆಗೆ ಗೊತ್ತಿರದ ಒಂದು ವೈರಸ್ಸನ್ನು. ಅದಕ್ಕೆ ಆ ಕಾಡಿನ ಹೆಸರನ್ನೇ ಇಡಲಾಯಿತು. ಜನರು ಮಾತ್ರ ಅದನ್ನು ಮಂಗನ ಕಾಯಿಲೆ ಎಂದು ಕರೆದರು.

ಹೆಸರು ಮಂಗನದಾದರೂ ತಪ್ಪು ಮಂಗನದಲ್ಲ. ಮನುಷ್ಯನಂತೆ ಅದೂ ಈ ಕಾಯಿಲೆಗೆ ಬಲಿಯಾಗುವ ಪ್ರಾಣಿ. ರೋಗವನ್ನು ಹೊತ್ತು ತಿರುಗುವುದು ಕಾಡಿನ ಉಣ್ಣೆ, ಅಂದರೆ ಉಣುಗು. ಕಾಡಿನ ಇಲಿ ಹೆಗ್ಗಣಗಳ ಮೈಯಲ್ಲಿಯೂ ಹಕ್ಕಿಗಳ ಮೈಯಲ್ಲಿಯೂ ಬೆಳೆಯುವ ಮರಿ ಉಣ್ಣೆಗಳು ಮಳೆಗಾಲ ಕಳೆದ ಮೇಲೆ, ನವೆಂಬರ್ ಡಿಸೆಂಬರಿನಿಂದ ಮೇ ತಿಂಗಳವರೆಗೆ, ತರಗೆಲೆಗಳ ನಡುವೆ ಹೇರಳವಾಗಿರುತ್ತವೆ. ಬಲಿತ ಉಣ್ಣೆಗಳಿಗೆ ಮೇಯಲು ಬರುವ ದನಗಳ ರಕ್ತವೇ ಆಹಾರ. ಮಂಗವೊಂದು ಸತ್ತು ಬಿದ್ದಾಗ ಅದರ ಮೈಯಲ್ಲಿದ್ದ ಉಣ್ಣೆಗಳು ಇಳಿದು ಸುತ್ತಲಿನ ನೆಲವನ್ನು ತುಂಬಿಕೊಳ್ಳುತ್ತವೆ. ಆ ಜಾಗಕ್ಕೆ ಸೌದೆಗೋ ಸೊಪ್ಪಿಗೋ ಹೋದವನಿಗೆ ಉಣ್ಣೆ ಕಚ್ಚಿದರೆ ಕೆಲವೇ ದಿನಗಳಲ್ಲಿ ಚಳಿಜ್ವರ, ತಲೆ ಸಿಡಿಯುವಂತಹ ನೋವು, ಮೈಯ ಮಾಂಸಖಂಡಗಳೆಲ್ಲ ಹಿಂಡಿದಂತಾಗುವ ಬೇನೆ. ಕೆಲವರಿಗೆ ಮೂಗು ಒಸಡುಗಳಿಂದ ರಕ್ತ ಒಸರುವುದುಂಟು. ಕೆಲವರಿಗೆ ಜ್ವರ ಬಿಟ್ಟಿತೆನ್ನುವಾಗಲೇ ಮರುಕಳಿಸಿ ಮೆದುಳಿಗೆ ಏರುತ್ತದೆ. ಹಾಸಿಗೆ ಹಿಡಿದ ನೂರು ಜನರಲ್ಲಿ ಮೂವರಿಂದ ಐವರು ಸಾಯುತ್ತಾರೆಂದು ಸಾಮಾನ್ಯ ಅಂದಾಜು. ರೋಗವನ್ನೇ ಕೊಲ್ಲುವ ಔಷಧ ಇದುವರೆಗೂ ಇಲ್ಲ. ಸಮಾಧಾನದ ಸಂಗತಿ ಒಂದೇ: ಇದು ಮನುಷ್ಯನಿಂದ ಮನುಷ್ಯನಿಗೆ ಹರಡುವುದಿಲ್ಲ.

ಇಪ್ಪತ್ತೈದು ವರ್ಷಗಳ ಬಳಿಕ, 1982ರ ಕೊನೆಯಲ್ಲಿ, ಈ ಕಾಯಿಲೆ ಘಟ್ಟದ ಕೆಳಗೆ ಬೆಳ್ತಂಗಡಿ ತಾಲ್ಲೂಕಿನಲ್ಲಿ ಕಾಣಿಸಿಕೊಂಡಿತು. ನಿಡ್ಲೆ, ಪಟ್ರಮೆಗಳ ಕಡೆಯಲ್ಲಿ ಗೇರು ತೋಟವನ್ನು ಎಬ್ಬಿಸುವುದಕ್ಕಾಗಿ ಕಾಡನ್ನು ಕಡಿದು ಬಯಲು ಮಾಡಲಾಗಿತ್ತು. ಪೋರ್ಚುಗೀಸರು ಬ್ರಜಿಲ್ ದೇಶದಿಂದ ತಂದ ಗೇರುಮರ ಈ ಕರಾವಳಿಯ ಜಂಬಿಟ್ಟಿಗೆಯ ಗುಡ್ಡಗಳಲ್ಲಿ ಮನೆಯ ಮಗನಂತೆ ಬೆಳೆದಿದೆ. ಅದರ ಬೀಜಕ್ಕೆ ಹೊರದೇಶಗಳಲ್ಲಿ ಬೆಲೆಯೂ ಉಂಟು. ತೋಟ ಮಾಡಿದವರ ಉದ್ದೇಶ ಕೆಟ್ಟದೆನ್ನಲಾಗದು. ಆದರೆ ಕಾಡಿನ ಲೆಕ್ಕ ಬೇರೆ. ಮರಗಳು ಉರುಳಿದಾಗ ನೆಲೆಗೆಟ್ಟ ಮಂಗಗಳು ನೆಲಕ್ಕೂ ಕಾಡಿನ ಅಂಚಿಗೂ ಬಂದವು. ಕಡಿದ ಕಾಡಿನ ಅಂಚಿನಲ್ಲಿ ದನಗಳು ಮೇಯ್ದವು. ಮರ ಕಡಿಯುವ ಕೂಲಿಯವರೂ, ಸೌದೆ ಆಯುವ ಹೆಂಗಸರೂ, ಗದ್ದೆಗೆ ಸೊಪ್ಪನ್ನೂ ಹಟ್ಟಿಗೆ ತರಗೆಲೆಯನ್ನೂ ಹೊತ್ತು ತರುವವರೂ ಅದೇ ನೆಲದ ಮೇಲೆ ನಡೆದಾಡಿದರು. ಮಂಗ, ಉಣ್ಣೆ, ದನ, ಮನುಷ್ಯ — ಕಾಡು ದೂರ ಇರಿಸಿದ್ದ ನಾಲ್ವರನ್ನು ಕೊಡಲಿಯು ಒಂದೆಡೆ ಸೇರಿಸಿತು.

ಆ ಬೇಸಗೆಯಲ್ಲಿಯೂ ಅದರ ಮುಂದಿನ ಬೇಸಗೆಯಲ್ಲಿಯೂ ಕಾಯಿಲೆ ಬಿದ್ದವರು ಸಾವಿರಕ್ಕೂ ಮಿಕ್ಕವರು. ಅವರಲ್ಲಿ ಬಹಳ ಮಂದಿ ಅನೇಕ ದಿನ ಎದ್ದು ನಿಲ್ಲಲಾರದೆ ಹೋದರು. ಹಲವರು ಏಳಲೇ ಇಲ್ಲ. ಕಾಡಿಗೆ ಹೋಗದಿದ್ದರೆ ಒಲೆ ಉರಿಯದ, ಕೂಲಿಗೆ ಹೋಗದಿದ್ದರೆ ಅಕ್ಕಿ ಬಾರದ ಮನೆಗಳೇ ಹೆಚ್ಚು ನೊಂದವು. ಮನೆಯಲ್ಲಿ ದುಡಿಯುವವನು ಮಲಗಿದರೆ ಔಷಧಕ್ಕೂ ವಾಹನಕ್ಕೂ ಸಾಲ, ಇಲ್ಲವೆ ಹಟ್ಟಿಯ ಹಸುವಿನ ಮಾರಾಟ. ಕಾಡು ಕಡಿದುದರಿಂದ ದೈವಗಳು ಮುನಿದವೆಂದು ಹಲವರು ನಂಬಿದರು. ಈ ಸೀಮೆಯ ಜನಜೀವನವನ್ನು ಅಭ್ಯಾಸ ಮಾಡಿದ ಅಮೆರಿಕದ ಮಾನವಶಾಸ್ತ್ರಜ್ಞ ಮಾರ್ಕ್ ನಿಕ್ಟರ್ ಅವರು 1987ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಇದನ್ನು ಅಭಿವೃದ್ಧಿಯಿಂದ ಬಂದ ಕಾಯಿಲೆ ಎಂದು ಕರೆದರು. ದೈವದ ಮುನಿಸು ಎಂದ ಹಳ್ಳಿಗನೂ ಅಭಿವೃದ್ಧಿಯ ಕಾಯಿಲೆ ಎಂದ ಪಂಡಿತನೂ ಬೆರಳು ತೋರಿಸಿದ್ದು ಕಡಿದ ಕಾಡಿನ ಕಡೆಗೇ ಎಂಬುದು ಗಮನಿಸತಕ್ಕ ಮಾತು.

ಇಂತಹ ಕಾಯಿಲೆಯ ಮುಂದೆ ಒಬ್ಬ ವೈದ್ಯನು ಎಷ್ಟು ನಿಪುಣನಾದರೂ ಏನು ಮಾಡಿಯಾನು? ಮೊದಲ ಎರಡು ದಿನ ಇದು ವಿಷಮಶೀತವೋ ಮಲೇರಿಯವೋ ಎಂದು ಹೇಳುವುದೇ ಕಷ್ಟ. ಪ್ರತಿಯೊಂದು ಜ್ವರವನ್ನೂ ಬೇರೆ ಬೇರೆಯಾಗಿ ನೋಡುವವನಿಗೆ ಅದು ಬರಿಯ ಜ್ವರ. ಅವೇ ಜ್ವರಗಳನ್ನು ಊರಿನ ಹೆಸರು, ದಿನಾಂಕ, ಕಸಬು ಇವುಗಳ ಎದುರಿಗೆ ಬರೆದು ನೋಡಿದರೆ, ಎಲ್ಲವೂ ಕಾಡಿನ ಅಂಚಿನವು, ಎಲ್ಲವೂ ಒಣ ತಿಂಗಳುಗಳವು, ಎಲ್ಲವೂ ಕಾಡಿಗೆ ಹೋಗಿ ಬಂದ ಮೇಲಿನವು ಎಂಬುದು ಕಣ್ಣಿಗೆ ಹೊಳೆಯುತ್ತದೆ. ಆದುದರಿಂದ ಮಂಗನ ಕಾಯಿಲೆಯ ತಡೆ ಆಸ್ಪತ್ರೆಯ ಹಾಸಿಗೆಯಲ್ಲಿ ಆರಂಭವಾಗುವುದಿಲ್ಲ, ಸತ್ತ ಮಂಗದಿಂದ ಆರಂಭವಾಗುತ್ತದೆ. ಮಂಗ ಸತ್ತರೆ ಹನುಮಂತನ ರೂಪವೆಂದು ಹೂವು ಹಾಕಿ ಹೂಳುವ ವಾಡಿಕೆ ನಾಡಿನ ಹಲವೆಡೆ ಉಂಟು. ಆ ಭಕ್ತಿಯಿಂದಲೇ ಅಪಾಯ ಮೈಗೇರಬಹುದು. ಅದರ ಬಳಿಗೆ ಹೋಗದೆ ಆರೋಗ್ಯ ಕೇಂದ್ರಕ್ಕೆ ಸುದ್ದಿ ಮುಟ್ಟಿಸಿದರೆ ಸಿಬ್ಬಂದಿ ಬಂದು ಶವದ ಸುತ್ತ 50 ಅಡಿಗಳವರೆಗೆ ಕೀಟನಾಶಕದ ಪುಡಿಯನ್ನು ಎರಚುತ್ತಾರೆ. ಪರೀಕ್ಷೆಗೆ ಮಾದರಿಯನ್ನು ತೆಗೆಯುತ್ತಾರೆ. ಸುತ್ತಲ ಮನೆಗಳಿಗೆ ಮೈಗೆ ಸವರಿಕೊಳ್ಳುವ ಎಣ್ಣೆಯನ್ನು ಹಂಚುತ್ತಾರೆ. ಯಾರಿಗೆ ಜ್ವರವುಂಟೆಂದು ಮನೆಮನೆಗೆ ಹೋಗಿ ಕೇಳುತ್ತಾರೆ. ಒಂದು ಮಂಗದ ಸಾವು ಸಕಾಲದಲ್ಲಿ ವರದಿಯಾದರೆ ಹಲವು ಮನುಷ್ಯರ ಸಾವು ತಪ್ಪೀತು. ಹಿಂದೆ ಈ ಕಾಯಿಲೆಗೆ ಹಾಕುತ್ತಿದ್ದ ಲಸಿಕೆಯು ಸಾಕಷ್ಟು ರಕ್ಷಣೆ ಕೊಡುವುದಿಲ್ಲವೆಂದು ಕಂಡುಬಂದು 2022ರಲ್ಲಿ ನಿಂತುಹೋಯಿತು. ಹೊಸ ಲಸಿಕೆಗಾಗಿ ಪ್ರಯತ್ನ ನಡೆದಿರುವ ಈ ದಿನಗಳಲ್ಲಿ ಸುದ್ದಿಗೆ ಇನ್ನೂ ಹೆಚ್ಚಿನ ಬೆಲೆ ಬಂದಿದೆ.

ಗೇರು ತೋಟದ ಕಥೆ ಇಷ್ಟಕ್ಕೆ ಮುಗಿಯಲಿಲ್ಲ. ಕಾಡು ಹೋಗಿ ತೋಟ ಬಂದ ಕಡೆಗಳಲ್ಲಿ ಗೇರನ್ನು ಕಾಡುವ ಟೀ ಸೊಳ್ಳೆಯನ್ನು ಕೊಲ್ಲಲು ಎಂಡೋಸಲ್ಫಾನ್ ಎಂಬ ವಿಷವನ್ನು ಹೆಲಿಕಾಪ್ಟರಿನಿಂದ ಸಿಂಪಡಿಸತೊಡಗಿದರು. 1980ರ ದಶಕದಿಂದ ಸುಮಾರು ಎರಡು ದಶಕಗಳ ಕಾಲ ಬೆಳ್ತಂಗಡಿಯ ಕೊಕ್ಕಡ, ನಿಡ್ಲೆ, ಪಟ್ರಮೆಗಳ ಮೇಲೂ ಅದು ಉದುರಿತು. ಗಡಿಯಾಚೆ ಕಾಸರಗೋಡಿನ ಕನ್ನಡ ಸೀಮೆಯಲ್ಲಿ ಇನ್ನೂ ಮೊದಲಿನಿಂದ ಅದು ನಡೆದಿತ್ತು. ಅಲ್ಲಿನ ಪಡ್ರೆಯಲ್ಲಿ ಅಂಗವಿಕಲವಾದ ಕರುಗಳು ಹುಟ್ಟುತ್ತಿದ್ದುದನ್ನು ಪತ್ರಕರ್ತ ಶ್ರೀಪಡ್ರೆಯವರು 1980ರ ಆಸುಪಾಸಿನಲ್ಲಿಯೇ ಗಮನಿಸಿ ಬರೆದರು. ಅದೇ ಊರಿನ ವಾಣೀನಗರದಲ್ಲಿ ವೈದ್ಯರಾಗಿದ್ದ ಡಾ. ವೈ. ಎಸ್. ಮೋಹನ ಕುಮಾರ್ ಅವರಿಗೆ ತಮ್ಮಲ್ಲಿಗೆ ಬರುವ ರೋಗಿಗಳಲ್ಲಿ ಬುದ್ಧಿಮಾಂದ್ಯ, ಅಪಸ್ಮಾರ, ಕ್ಯಾನ್ಸರುಗಳು ಅಷ್ಟು ಸಣ್ಣ ಊರಿಗೆ ಹೆಚ್ಚೆನಿಸುವಷ್ಟು ಇರುವುದು ಕಂಡಿತು. ಹೆಚ್ಚೆಂದು ಅನಿಸುವುದು ಬೇರೆ, ಹೆಚ್ಚೆಂದು ತೋರಿಸುವುದು ಬೇರೆ. 2001ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವೃತ್ತಿ ಆರೋಗ್ಯ ಸಂಸ್ಥೆಯ ತಜ್ಞರು ಬಂದು ಪಡ್ರೆಯ ಶಾಲೆಯ ಮಕ್ಕಳನ್ನು ಪರೀಕ್ಷಿಸಿದರು. ಅಷ್ಟರಿಂದಲೇ ತೃಪ್ತರಾಗದೆ, ವಿಷ ಬೀಳದ ಮೀಂಜ ಪಂಚಾಯತಿನ ಮಕ್ಕಳನ್ನೂ ಅದೇ ಕ್ರಮದಲ್ಲಿ ಪರೀಕ್ಷಿಸಿ, ಎರಡು ಲೆಕ್ಕಗಳನ್ನೂ ಎದುರೆದುರು ಇಟ್ಟರು. ಕಲಿಕೆಯ ತೊಂದರೆಗಳೂ ಹುಟ್ಟಿನಿಂದ ಬಂದ ಊನಗಳೂ ಪಡ್ರೆಯಲ್ಲಿ ಹೆಚ್ಚಾಗಿದ್ದುದು ಆಗ ತಿಳಿಯಿತು. ಈ ತೀರ್ಮಾನವನ್ನು ಒಪ್ಪದ ಸಮಿತಿಗಳೂ ಇದ್ದವು. ವಾದ ಬಹುಕಾಲ ನಡೆಯಿತು. ಕೊನೆಗೆ 2011ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ಎಂಡೋಸಲ್ಫಾನಿನ ಬಳಕೆಯನ್ನು ದೇಶದಾದ್ಯಂತ ತಡೆಯಿತು.

ನೊಂದವರಿಗೆ ಆ ತಡೆಯಿಂದ ಹೋದುದು ಮರಳಲಿಲ್ಲ. ಮಾಸಾಶನ ಕೊಡಬೇಕಾದರೆ ಮೊದಲು ಅವರು ಯಾರು, ಎಲ್ಲಿರುವರು ಎಂದು ತಿಳಿಯಬೇಕು. ಹುಟ್ಟಿನಿಂದ ಹಾಸಿಗೆಯಲ್ಲಿಯೇ ಇರುವ ಮಗ ಆಸ್ಪತ್ರೆಯ ಸಾಲಿನಲ್ಲಿ ಬಂದು ನಿಲ್ಲಲಾರ. ಅವನನ್ನು ಬಿಟ್ಟು ಬರಲಾರದ ತಾಯಿ ಕಚೇರಿಗೆ ಅಲೆಯಲಾರಳು. ಆದುದರಿಂದ ಆರೋಗ್ಯ ಕಾರ್ಯಕರ್ತರು ಮನೆಮನೆ ಹತ್ತಿ ಇಳಿದು ಪಟ್ಟಿ ಮಾಡಬೇಕಾಯಿತು. ಕೊಕ್ಕಡದಲ್ಲಿ ಇಂತಹ ಮಕ್ಕಳಿಗಾಗಿ ಹಗಲು ಪಾಲನಾ ಕೇಂದ್ರವೊಂದು ಆರಂಭವಾದುದು ಆ ಪಟ್ಟಿಯ ಫಲಗಳಲ್ಲೊಂದು. ಪಟ್ಟಿಯಿಂದ ಬಿಟ್ಟುಹೋದವರ ಅಳಲು ಇಂದಿಗೂ ಕೇಳಿಬರುವುದುಂಟು.

ಜ್ವರವಾದರೆ ಮೈ ಸುಟ್ಟು ತನ್ನನ್ನು ತಾನೇ ಸಾರುತ್ತದೆ. ಈಗ ಈ ಮೂರು ತಾಲ್ಲೂಕುಗಳಲ್ಲಿ ಜನರನ್ನು ಮೆಲ್ಲನೆ ಸವೆಸುತ್ತಿರುವ ರಕ್ತದೊತ್ತಡ, ಸಕ್ಕರೆ ಕಾಯಿಲೆಗಳು ಸದ್ದಿಲ್ಲದವು. ಮಂಗಳೂರಿನಲ್ಲಿ ಎಷ್ಟೊಂದು ವೈದ್ಯಕೀಯ ಕಾಲೇಜುಗಳಿವೆ; ಆದರೆ ಕಾಯಿಲೆ ಇದೆಯೆಂದೇ ತಿಳಿಯದವನು ಅಲ್ಲಿಗೆ ಹೋಗುವುದಾದರೂ ಏಕೆ? ಬಂಟ್ವಾಳ, ಮೂಡುಬಿದಿರೆಗಳ ಹಳ್ಳಿಗಳಲ್ಲಿ ಸಾವಿರಾರು ಹೆಂಗಸರು ಮನೆಯ ಜಗಲಿಯಲ್ಲಿ ಕುಳಿತು ಬೀಡಿ ಕಟ್ಟಿದ್ದಾರೆ. ಮಡಿಲಲ್ಲಿ ಗೆರಸೆ, ಗೆರಸೆಯಲ್ಲಿ ಎಲೆ ಮತ್ತು ಹೊಗೆಸೊಪ್ಪಿನ ಪುಡಿ. ಮಕ್ಕಳ ಶಾಲೆಯ ಖರ್ಚು, ಮದುವೆಯ ಚಿನ್ನ ಆ ಗೆರಸೆಯಿಂದ ಬಂದಿವೆ. ಬಗ್ಗಿದ ಬೆನ್ನು, ಪುಡಿಯಿಂದ ಬರುವ ಕೆಮ್ಮು ಕೂಡ ಅಲ್ಲಿಂದಲೇ. ಬೀಡಿ ಸೇದದವಳಿಗೂ ಹೊಗೆಸೊಪ್ಪಿನ ಸಂಗ ತಪ್ಪಿದ್ದಲ್ಲ. ಬೀಡಿ ಕಾರ್ಮಿಕರಿಗಾಗಿ 1976ರಲ್ಲಿ ಕಲ್ಯಾಣ ನಿಧಿಯ ಕಾಯಿದೆ ಬಂದು ಔಷಧಾಲಯಗಳು ತೆರೆದುವಾದರೂ, ಲೆಕ್ಕದ ಕಟ್ಟನ್ನು ಬ್ರಾಂಚಿಗೆ ಮುಟ್ಟಿಸುವ ಆತುರದಲ್ಲಿ ತನ್ನ ಮೈಯ ಲೆಕ್ಕವನ್ನು ನೋಡಿಕೊಳ್ಳುವವಳು ಅಪರೂಪ.

ಅಂತಹ ಜಗಲಿಗೆ ಈಗ ಆಶಾ ಕಾರ್ಯಕರ್ತೆ ಬರುತ್ತಾಳೆ. 2005ರಲ್ಲಿ ಆರಂಭವಾದ ಗ್ರಾಮೀಣ ಆರೋಗ್ಯ ಅಭಿಯಾನವು ಹುಟ್ಟಿಸಿದ ಈ ಕೆಲಸದಲ್ಲಿ ಇರುವವಳು ಸಾಮಾನ್ಯವಾಗಿ ಅದೇ ಊರಿನ ಹೆಣ್ಣುಮಗಳು. ಆಕೆಗೆ ದೊರೆಯುವುದು ಸಂಬಳವಲ್ಲ, ಗೌರವಧನ. ಅದೂ ನಡೆದ ದಾರಿಗೆ ತಕ್ಕಷ್ಟಿಲ್ಲ. ಮೂವತ್ತು ದಾಟಿದ ಪ್ರತಿಯೊಬ್ಬರಿಗೂ ಒಂದೊಂದು ಹಾಳೆ. ವಯಸ್ಸೆಷ್ಟು, ಹೊಗೆಸೊಪ್ಪು ಉಂಟೇ, ಮದ್ಯ ಉಂಟೇ, ಸೊಂಟದ ಸುತ್ತಳತೆ ಎಷ್ಟು, ಮೈಗೆ ವ್ಯಾಯಾಮ ಇದೆಯೇ, ತಂದೆತಾಯಿಗಳಿಗೆ ಸಕ್ಕರೆ ಕಾಯಿಲೆ ಇತ್ತೇ ಎಂದು ಕೇಳಿ, ಉತ್ತರಗಳಿಗೆ ಅಂಕ ಹಾಕುತ್ತಾಳೆ. ಒಟ್ಟು ನಾಲ್ಕನ್ನು ಮೀರಿದವರನ್ನು ಉಪಕೇಂದ್ರದ ಪರೀಕ್ಷೆಗೆ ಮೊದಲು ಕಳುಹಿಸಬೇಕು.

“ನನಗೆ ತಲೆ ತಿರುಗುವುದೂ ಇಲ್ಲ, ನೋವೂ ಇಲ್ಲ. ಕಾಯಿಲೆ ಎಲ್ಲಿಂದ ಬಂತು?” ಎಂಬುದು ಜಗಲಿಗಳಲ್ಲಿ ಆಕೆ ಕೇಳುವ ಮಾತು.

“ನೋವು ಬರುವ ಮೊದಲೇ ಬಂದು ನೋಡಿಸಿಕೊಳ್ಳಿ ಅಕ್ಕ, ಗುರುವಾರ ನಾನೇ ಜೊತೆಗೆ ಬರುತ್ತೇನೆ” ಎಂದು ಆಕೆ ಹೇಳಬೇಕಾಗುತ್ತದೆ; ಒಮ್ಮೆಯಲ್ಲ, ಮೂರು ನಾಲ್ಕು ಬಾರಿ.

ಪರೀಕ್ಷೆಯಿಂದಲೂ ಕೆಲಸ ಮುಗಿಯದು. ಮಾತ್ರೆ ಕೊಟ್ಟವರಲ್ಲಿ ಎಷ್ಟು ಜನ ಮುಂದಿನ ತಿಂಗಳೂ ಬಂದರು, ಎಷ್ಟು ಜನ ಗುಣವಾಯಿತೆಂದು ತಾವೇ ಬಿಟ್ಟರು ಎಂಬುದನ್ನೂ ಬರೆದಿಡಬೇಕು. ಆರೋಗ್ಯ ಕೇಂದ್ರದಲ್ಲಿ ಈ ಹಾಳೆಗಳು ಒಟ್ಟುಗೂಡಿದಾಗ ಯಾವ ಗ್ರಾಮದಲ್ಲಿ ಏನು ಹೆಚ್ಚುತ್ತಿದೆ, ಔಷಧ ಎಲ್ಲಿಗೆ ಎಷ್ಟು ಬೇಕು ಎಂಬುದು ವೈದ್ಯರಿಗೆ ಕಾಣುತ್ತದೆ. ಯಾವ ಮನೆಯಿಂದ ಹಾಳೆಯೇ ಬಂದಿಲ್ಲ ಎಂಬುದೂ ಕಾಣುತ್ತದೆ. ಅದು ಬಹುಮಟ್ಟಿಗೆ ತೋಡಿನ ಆಚೆಯ ಮನೆಯಾಗಿರುತ್ತದೆ. ಆಷಾಢದ ಮಳೆಗೆ ಸಂಕ ಮುಳುಗಿದ ದಿನಗಳಲ್ಲಿ ಪುಸ್ತಕದಲ್ಲಿ ಆ ಮನೆಯ ಸಾಲು ಖಾಲಿಯಾಗಿ ಉಳಿಯುತ್ತದೆ. ನೀರಿಳಿದ ಮೇಲೆ ಆಕೆ ಮೊದಲು ಕಾಲಿಡುವುದು ಆ ಸಂಕದ ಮೇಲೆ.