ಅಂಡಮಾನ್ ಪ್ರವಾಸ: ಸೂರ್ಯನನ್ನೂ ಸಮುದ್ರವನ್ನೂ ಕೇಳಿ ದಿನ ಗೊತ್ತುಮಾಡುವ ಬಗೆ

ಅಂಡಮಾನಿಗೆ ಹೊರಡುವವರು ಸಾಮಾನ್ಯವಾಗಿ ಮೊದಲು ವಿಮಾನದ ಟಿಕೆಟ್, ಆಮೇಲೆ ಹೋಟೆಲು, ಕೊನೆಗೆ ನೋಡಬೇಕಾದ ಸ್ಥಳಗಳ ಪಟ್ಟಿ ಎಂಬ ಕ್ರಮದಲ್ಲಿ ಸಿದ್ಧರಾಗುತ್ತಾರೆ. ಆದರೆ ಆ ದ್ವೀಪಗಳಲ್ಲಿ ಯಾವುದನ್ನು ಯಾವ ಹೊತ್ತಿಗೆ ನೋಡಬಹುದು ಎಂಬುದು ಸೂರ್ಯ ಮತ್ತು ಸಮುದ್ರವನ್ನೇ ಅವಲಂಬಿಸಿರುವುದರಿಂದ, ಅವೆರಡರ ವೇಳೆಯನ್ನು ತಿಳಿದುಕೊಂಡು ಉಳಿದದ್ದನ್ನು ಅದಕ್ಕೆ ಹೊಂದಿಸುವುದೇ ಸರಿಯಾದ ಕ್ರಮ.

ಭಾರತೀಯ ಕಾಲಮಾನವನ್ನು 82.5 ಡಿಗ್ರಿ ಪೂರ್ವ ರೇಖಾಂಶದ ಆಧಾರದಲ್ಲಿ ನಿಗದಿಪಡಿಸಲಾಗಿದೆ. ಅಂಡಮಾನ್ ಅದಕ್ಕಿಂತ ಸುಮಾರು ಹತ್ತು ಡಿಗ್ರಿ ಪೂರ್ವಕ್ಕಿದ್ದು, ಒಂದು ಡಿಗ್ರಿಗೆ ನಾಲ್ಕು ನಿಮಿಷದಂತೆ ಅಲ್ಲಿನ ಸೂರ್ಯ ಗಡಿಯಾರಕ್ಕಿಂತ ನಲವತ್ತು ನಿಮಿಷ ಮುಂದಿರುತ್ತಾನೆ. ಬೆಂಗಳೂರಿಗೆ ಹೋಲಿಸಿದರೆ ಈ ಅಂತರ ಸುಮಾರು ಒಂದು ಗಂಟೆ. ಡಿಸೆಂಬರಿನಲ್ಲಿ ಸಂಜೆ ಐದರ ಸುಮಾರಿಗೆ ಹೊತ್ತು ಮುಳುಗುವುದರಿಂದ, ಬೆಳಿಗ್ಗೆ ಹತ್ತಕ್ಕೆ ಹೋಟೆಲಿನಿಂದ ಹೊರಬೀಳುವವರಿಗೆ ಹಗಲಿನ ದೊಡ್ಡ ಪಾಲೇ ಕಳೆದುಹೋಗಿರುತ್ತದೆ.

ಎರಡನೆಯದು ಉಬ್ಬರವಿಳಿತ. ಇಲ್ಲಿ ಸಮುದ್ರದ ನೀರು ದಿನಕ್ಕೆ ಎರಡು ಸಲ ಏರಿ ಎರಡು ಸಲ ಇಳಿಯುತ್ತದೆ. ಆ ವೇಳೆ ಪ್ರತಿದಿನ ಸರಾಸರಿ ಐವತ್ತು ನಿಮಿಷ ಮುಂದಕ್ಕೆ ಹೋಗುತ್ತದೆ. ಹುಣ್ಣಿಮೆ ಮತ್ತು ಅಮಾವಾಸ್ಯೆಗಳ ಆಸುಪಾಸಿನಲ್ಲಿ ಏರಿಳಿತ ಹೆಚ್ಚು, ಅಷ್ಟಮಿಯ ಸುಮಾರಿಗೆ ಕಡಿಮೆ. ಆದ್ದರಿಂದ ಹೊರಡುವ ದಿನಾಂಕವನ್ನು ಗೊತ್ತುಮಾಡುವಾಗ ಗೋಡೆಯ ಕ್ಯಾಲೆಂಡರಿನಲ್ಲಿ ತಿಥಿ ನೋಡಿಕೊಳ್ಳುವುದೂ, ತಲುಪಿದ ಮೇಲೆ ಆಯಾ ದಿನದ ಇಳಿತದ ವೇಳೆಯನ್ನು ದೋಣಿಯವರಲ್ಲಿ ವಿಚಾರಿಸುವುದೂ ಅಗತ್ಯ. ಋತುವಿನ ಮಟ್ಟಿಗೆ ಡಿಸೆಂಬರಿನಿಂದ ಏಪ್ರಿಲ್‌ವರೆಗಿನ ಅವಧಿ ಅನುಕೂಲಕರ.

2024ರಲ್ಲಿ ಶ್ರೀ ವಿಜಯಪುರಂ ಎಂದು ಹೆಸರು ಬದಲಾದ ಪೋರ್ಟ್ ಬ್ಲೇರ್‌ನಲ್ಲಿ ಮೊದಲ ದಿನವನ್ನು ಸೆಲ್ಯುಲಾರ್ ಜೈಲಿಗೆ ಮೀಸಲಿಡುವುದು ಉಚಿತ. ಕರಿನೀರಿನ ಶಿಕ್ಷೆ ಎಂಬ ಮಾತು ನೆನಪಿಗೆ ತರುವ ಈ ಕಟ್ಟಡದ ನಿರ್ಮಾಣ 1896ರಲ್ಲಿ ಆರಂಭಗೊಂಡು 1906ರಲ್ಲಿ ಮುಗಿಯಿತು. ನಡುವಿನ ಗೋಪುರದಿಂದ ಬಂಡಿಯ ಗಾಲಿಯ ಅರಗಳಂತೆ ಏಳು ಸಾಲುಗಳು ಚಾಚಿಕೊಂಡಿದ್ದವು, ಇಂದು ಮೂರು ಮಾತ್ರ ಉಳಿದಿವೆ. ಒಂದು ಸಾಲಿನ ಕೋಣೆಗಳ ಬಾಗಿಲು ಎದುರು ಸಾಲಿನ ಬೆನ್ನಿಗೆ ಮುಖಮಾಡಿರುವುದರಿಂದ ಕೈದಿಗೆ ಇನ್ನೊಬ್ಬ ಕೈದಿಯ ಮುಖ ಕಾಣುತ್ತಿರಲಿಲ್ಲ. ಬಾಗಿಲ ಬಳಿ ನಿಂತು ಅಗುಳಿಯನ್ನು ಗಮನಿಸಬೇಕು: ಉದ್ದನೆಯ ಕಬ್ಬಿಣದ ಸರಳು ಬಾಗಿಲನ್ನು ದಾಟಿ ಪಕ್ಕದ ಗೋಡೆಯೊಳಗಿನ ಗೂಡಿಗೆ ಹೋಗಿ ಕೂರುತ್ತದೆ, ಕಂಬಿಗಳ ನಡುವಿನಿಂದ ಎಷ್ಟೇ ಕೈ ಚಾಚಿದರೂ ಬೀಗ ಎಟುಕದು. ಈ ಒಂದು ಅಗುಳಿಯಲ್ಲಿ ಇಡೀ ಸೆರೆಮನೆಯ ಉದ್ದೇಶ ಕಾಣುತ್ತದೆ. ಸಂಜೆಯ ಧ್ವನಿ–ಬೆಳಕಿನ ಪ್ರದರ್ಶನವೊಂದನ್ನೇ ನೋಡಿ ಮರಳುವವರಿಗೆ ಇದು ದಕ್ಕುವುದಿಲ್ಲವಾದ್ದರಿಂದ ಹಗಲು ಬೆಳಕಿನಲ್ಲಿ ಎರಡು ಗಂಟೆಯನ್ನಾದರೂ ಅಲ್ಲಿ ಕಳೆಯಬೇಕು.

ಮರುದಿನ ಬೆಳಿಗ್ಗೆ, ಹಿಂದೆ ರಾಸ್ ದ್ವೀಪ ಎನಿಸಿದ್ದ ನೇತಾಜಿ ಸುಭಾಷ್ ಚಂದ್ರ ಬೋಸ್ ದ್ವೀಪಕ್ಕೆ ದೋಣಿಯಲ್ಲಿ ಹೋಗಬಹುದು. ಬ್ರಿಟಿಷ್ ಆಡಳಿತದ ಕೇಂದ್ರವಾಗಿದ್ದ ಆ ಪುಟ್ಟ ನೆಲದಲ್ಲಿ ಈಗ ಇಗರ್ಜಿಯ ಗೋಡೆಗಳನ್ನು ಆಲದ ಜಾತಿಯ ಮರಗಳ ಬೇರುಗಳು ತಬ್ಬಿ ನಿಂತಿವೆ.

ಬಳಿಕ ಹಡಗಿನಲ್ಲಿ ಸ್ವರಾಜ್ ದ್ವೀಪಕ್ಕೆ, ಅಂದರೆ ಹಳೆಯ ಹ್ಯಾವ್‌ಲಾಕ್‌ಗೆ ಸಾಗಬೇಕು. ಸರ್ಕಾರಿ ಹಡಗಿನ ದರ ಕಡಿಮೆ, ಖಾಸಗಿ ಹಡಗು ಬೇಗ ತಲುಪಿಸುತ್ತದೆ. ಯಾವುದರಲ್ಲಿ ಹೋದರೂ ಮುಂಗಡ ಟಿಕೆಟ್ ಅಗತ್ಯ. ಇಲ್ಲಿನ ರಾಧಾನಗರ ಕಡಲತೀರಕ್ಕೆ 2020ರಲ್ಲಿ, ನಮ್ಮ ಕಾಸರಕೋಡು ಮತ್ತು ಪಡುಬಿದ್ರೆಗಳ ಜೊತೆಯಲ್ಲೇ, ಸ್ವಚ್ಛತೆ ಹಾಗೂ ಸುರಕ್ಷತೆಗಾಗಿ ನೀಡುವ ‘ಬ್ಲೂ ಫ್ಲ್ಯಾಗ್’ ಮಾನ್ಯತೆ ದೊರೆಯಿತು. ಪಶ್ಚಿಮಕ್ಕೆ ತೆರೆದುಕೊಂಡಿರುವ ಈ ತೀರಕ್ಕೆ ಸಂಜೆ ನಾಲ್ಕರೊಳಗೆ ತಲುಪಿರಬೇಕು. ಹವಳವನ್ನು ನೋಡಲು ಎಲಿಫೆಂಟ್ ಬೀಚ್ ಸೂಕ್ತ. ಹವಳವೆಂದರೆ ಬಣ್ಣದ ಕಲ್ಲಲ್ಲ, ಸುಣ್ಣದ ಗೂಡು ಕಟ್ಟಿಕೊಂಡು ಒಟ್ಟಾಗಿ ಬಾಳುವ ಸಣ್ಣ ಜೀವಿಗಳ ಸಮುದಾಯ. ಅದರ ಮೇಲೆ ಕಾಲೂರಿ ನಿಂತರೆ ವರ್ಷಗಟ್ಟಲೆ ಬೆಳೆದದ್ದು ಮುರಿದುಬೀಳುತ್ತದೆ.

ಸಮೀಪದ ಶಹೀದ್ ದ್ವೀಪದಲ್ಲಿ, ಅಂದರೆ ಹಿಂದಿನ ನೀಲ್‌ನಲ್ಲಿ, ಅಲೆಗಳ ಹೊಡೆತಕ್ಕೆ ಬಂಡೆ ಕೊರೆದು ಉಂಟಾದ ನೈಸರ್ಗಿಕ ಸೇತುವೆಯಿದೆ. ತಿಥಿಯ ಲೆಕ್ಕ ನಿಜವಾಗಿ ಉಪಯೋಗಕ್ಕೆ ಬರುವುದು ಇಲ್ಲಿಯೇ. ನೀರು ಇಳಿದಾಗ ಮಾತ್ರ ಸೇತುವೆಯ ಬುಡದವರೆಗೆ ನಡೆದು ಹೋಗಬಹುದು. ಆಗ ಬಂಡೆಯ ತಗ್ಗುಗಳಲ್ಲಿ ಉಳಿದ ನೀರಿನಲ್ಲಿ ಕಡಲ ಸೌತೆ ಎಂಬ ಮೆತ್ತನೆಯ ಪ್ರಾಣಿಗಳು, ಏಡಿಗಳು, ಚಿಕ್ಕ ಮೀನುಗಳು ಕಾಣಸಿಗುತ್ತವೆ. ಪಾಚಿ ಜಾರುವುದರಿಂದ ಹಿಡಿತವಿರುವ ಚಪ್ಪಲಿ ಬೇಕು, ನೀರು ಮರಳಿ ಏರತೊಡಗಿದೊಡನೆ ದಡಕ್ಕೆ ಹಿಂದಿರುಗಬೇಕು.

ಬಾರಾಟಾಂಗ್‌ನ ಸುಣ್ಣಕಲ್ಲಿನ ಗುಹೆಗಳನ್ನು ಬಹುತೇಕ ಪ್ರವಾಸ ಯೋಜನೆಗಳು ಸೇರಿಸಿಕೊಂಡಿರುತ್ತವೆ. ಆದರೆ ಅಲ್ಲಿಗೆ ಹೋಗುವ ರಸ್ತೆ ಜರಾವಾ ಆದಿವಾಸಿಗಳ ಮೀಸಲು ಪ್ರದೇಶವನ್ನು ಹಾದುಹೋಗುತ್ತದೆ. ರಸ್ತೆಯ ಆ ಭಾಗವನ್ನು ಮುಚ್ಚುವಂತೆ ಸುಪ್ರೀಂ ಕೋರ್ಟ್ 2002ರಲ್ಲೇ ಆದೇಶಿಸಿತ್ತು. ಜರಾವಾಗಳ ಛಾಯಾಚಿತ್ರ ತೆಗೆಯುವುದು, ಅವರಿಗೆ ತಿನಿಸು ಕೊಡುವುದು ಶಿಕ್ಷಾರ್ಹ ಅಪರಾಧ. ಗುಹೆಗಳು ಬೇರೆಡೆಯೂ ಇರುವಾಗ ಇದನ್ನು ಬಿಟ್ಟು, ಉಳಿಯುವ ದಿನವನ್ನು ವಂಡೂರಿನ ಮಹಾತ್ಮ ಗಾಂಧಿ ಸಾಗರ ರಾಷ್ಟ್ರೀಯ ಉದ್ಯಾನಕ್ಕೆ ಕೊಡುವುದು ಮೇಲು.

ಗಾಳಿ ಜೋರಾದರೆ ದ್ವೀಪಗಳ ನಡುವಿನ ಹಡಗುಗಳು ಮುನ್ಸೂಚನೆಯಿಲ್ಲದೆ ರದ್ದಾಗುವುದುಂಟು. ಆದಕಾರಣ ಮರಳುವ ವಿಮಾನದ ಹಿಂದಿನ ರಾತ್ರಿಯನ್ನು ಶ್ರೀ ವಿಜಯಪುರಂನಲ್ಲೇ ಕಳೆಯುವಂತೆ ಯೋಜಿಸಬೇಕು. ದಡದಲ್ಲಿ ಹೆಕ್ಕಿದ ಹವಳದ ತುಂಡುಗಳು ಚೀಲದಲ್ಲಿದ್ದರೆ ವಿಮಾನ ನಿಲ್ದಾಣದ ತಪಾಸಣೆಗೆ ಮುನ್ನವೇ, ಸಾಧ್ಯವಾದರೆ ಹೆಕ್ಕಿದ ದಡದಲ್ಲೇ, ಅವನ್ನು ಬಿಟ್ಟುಬರಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಹವಳಗಳಿಗೂ ಅನ್ವಯಿಸುತ್ತದೆ.