ಊರ ಅಂಗಳದಲ್ಲಿ ವಚನಗಾನ

ನಮ್ಮ ಶಾಲೆಯ ಗಾಯನವೃಂದವು ಹೊರಗೆ ಹೊರಡುವ ದಿನಗಳು ಸಮೀಪಿಸಿದಾಗಲೆಲ್ಲ ಎರಡು ಮಾತುಗಳು ಕಿವಿಗೆ ಬೀಳುತ್ತವೆ. 'ಮಕ್ಕಳ ಪಾಠ ಕೆಡುತ್ತದೆ' ಎಂದು ಕೆಲವು ಉಪಾಧ್ಯಾಯ ಮಿತ್ರರು ಆತಂಕಪಡುತ್ತಾರೆ. 'ಶಾಲೆಯ ಹೆಸರು ನಾಲ್ಕು ಊರಿಗೆ ತಿಳಿಯುತ್ತದೆ' ಎಂದು ಕೆಲವು ದಾನಿಗಳು ಸಂತೋಷಪಡುತ್ತಾರೆ. ಎರಡರಲ್ಲಿಯೂ ಸತ್ಯಾಂಶವಿದೆ, ಆದರೆ ಎರಡೂ ವಿಷಯದ ತಿರುಳನ್ನು ಮುಟ್ಟುವುದಿಲ್ಲ. ಊರ ಅಂಗಳದಲ್ಲಿ ಹಾಡುವುದು ಕಲಿತ ಪಾಠದ ಪರೀಕ್ಷೆ. ಆ ಪರೀಕ್ಷೆಗೆ ಮಕ್ಕಳೊಡನೆ ಅಧ್ಯಾಪಕನೂ ಕುಳಿತುಕೊಳ್ಳಬೇಕಾಗುತ್ತದೆ ಎಂಬುದನ್ನು ನನ್ನ ಅನುಭವದಿಂದಲೇ ನಿವೇದಿಸಬಯಸುತ್ತೇನೆ.

ಈ ಕಾರ್ಯಕ್ಕೆ ನಮ್ಮ ನಾಡಿನಲ್ಲಿ ಘನವಾದ ಪರಂಪರೆಯಿದೆ. ಹಾನಗಲ್ಲ ಕುಮಾರ ಸ್ವಾಮಿಗಳವರ (1867–1930) ಕೃಪಾಶ್ರಯದಲ್ಲಿ ಸಂಗೀತ ಕಲಿತ ಅಂಧ ಗಾಯಕ ಪಂಚಾಕ್ಷರಿ ಗವಾಯಿಗಳು (1892–1944) ಶಿಷ್ಯರನ್ನು ಕೂಡಿಕೊಂಡು ಊರಿಂದೂರಿಗೆ ಸಂಚರಿಸುತ್ತ ಸಂಗೀತ ಪಾಠಶಾಲೆಯನ್ನು ನಡೆಸಿದರು. ಅದು ಗದಗಿನ ವೀರೇಶ್ವರ ಪುಣ್ಯಾಶ್ರಮವಾಗಿ ನೆಲೆನಿಂತದ್ದು ಆಮೇಲೆ. ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳು (1914–2010) ನಾಟಕ ಸಂಘವನ್ನು ಕಟ್ಟಿ ಆಶ್ರಮದ ಮಕ್ಕಳನ್ನು ಸಲಹಿದರು. ಅದೇ ಗುರುಪರಂಪರೆಯ ಬಸವರಾಜ ರಾಜಗುರುಗಳು (1917–1991) ದೊಡ್ಡ ದೊಡ್ಡ ಸಭೆಗಳಲ್ಲಿ ವಚನಗಳನ್ನು ಹಾಡಿದರು. ನಮ್ಮ ಬಳ್ಳಾರಿ ಸೀಮೆಯಲ್ಲಿಯೇ ಜೋಳದರಾಶಿ ದೊಡ್ಡನಗೌಡರು ನಟರಾಗಿಯೂ ಗಮಕಿಗಳಾಗಿಯೂ ಕಾವ್ಯವನ್ನು ಜನರ ಕಿವಿಗೆ ತಲುಪಿಸಿದರು. ಇವರೆಲ್ಲರ ವಿದ್ಯೆಯೂ ಕೇಳುವ ಜನರ ಎದುರಿನಲ್ಲಿಯೇ ಹದಗೊಂಡಿತು.

ವಚನವನ್ನು ಹಾಡುವುದು ಸುಲಭದ ಕೆಲಸವಲ್ಲ. ಷಟ್ಪದಿಯಲ್ಲಿರುವಂತೆ ವಚನದಲ್ಲಿ ನಿಯತವಾದ ಮಾತ್ರಾಗಣಗಳಿಲ್ಲ. ಅದರ ಲಯ ಮಾತಿನ ಲಯ. ಅದನ್ನು ತಾಳದ ಆವರ್ತಕ್ಕೆ ಹೊಂದಿಸಹೊರಟಾಗ ಪದವು ನಡುವೆ ತುಂಡಾಗುವ ಅಪಾಯವುಂಟು. ಕನ್ನಡದಲ್ಲಿ ಕ್ರಿಯಾಪದವು ಸಾಮಾನ್ಯವಾಗಿ ವಾಕ್ಯದ ಕೊನೆಗೆ ಬರುತ್ತದೆ; ವಚನದಲ್ಲಿ ಅಂಕಿತವು ಹೆಚ್ಚಾಗಿ ಅದಕ್ಕೂ ಆಚೆಗೆ ನಿಲ್ಲುತ್ತದೆ. ಮಗುವು ಎಲ್ಲೆಂದರಲ್ಲಿ ಉಸಿರೆಳೆದುಕೊಂಡರೆ ಅರ್ಥವೂ ಅಲ್ಲಿಯೇ ಮುರಿಯುತ್ತದೆ.

ಈ ದೋಷವು ಶಾಲೆಯ ಕೊಠಡಿಯಲ್ಲಿ ನನಗೆ ಕಾಣಿಸಲಿಲ್ಲ. ಬಳ್ಳಾರಿಯ ಸಭಾಂಗಣವೊಂದರಲ್ಲಿ ಕಾಣಿಸಿತು. 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವ ಮೊದಲು ಮದರಾಸು ಆಡಳಿತದಲ್ಲಿದ್ದ ಈ ನಗರದಲ್ಲಿ ಕನ್ನಡ, ತೆಲುಗು ಎರಡೂ ಅಕ್ಕಪಕ್ಕದಲ್ಲಿ ಬಾಳುತ್ತ ಬಂದಿವೆ. ಅಂದಿನ ಸಭೆಯಲ್ಲಿದ್ದ ತೆಲುಗು ಮನೆಮಾತಿನ ಹಿರಿಯರೊಬ್ಬರು ಕಾರ್ಯಕ್ರಮ ಮುಗಿದ ಮೇಲೆ ಬಂದು, 'ರಾಗ ಚೆನ್ನಾಗಿತ್ತು ಪಂಡಿತರೇ, ಆದರೆ ಮಾತು ತಿಳಿಯಲಿಲ್ಲ' ಎಂದರು. ಮೈಕನ್ನು ನಂಬಿ ಮಕ್ಕಳು ಪದಾಂತ್ಯದ ಅಕ್ಷರಗಳನ್ನು ನುಂಗಿದ್ದರು, 'ಭಕ್ತಿ'ಯು 'ಬಕ್ತಿ'ಯಾಗಿತ್ತು. ಅಂದಿನಿಂದ ಪ್ರತಿಯೊಂದು ವಚನವನ್ನೂ ಮೊದಲು ಓದಿಸಿ, ಉಸಿರು ನಿಲ್ಲಬೇಕಾದ ಎಡೆಗೆ ಪೆನ್ಸಿಲಿನಿಂದ ಗೀಟು ಹಾಕಿಸಿ, ಆಮೇಲೆ ಹಾರ್ಮೋನಿಯಂ ಮುಟ್ಟುವುದನ್ನು ನಿಯಮ ಮಾಡಿಕೊಂಡೆವು.

ಎರಡನೆಯ ಪಾಠವನ್ನು ಸಿರುಗುಪ್ಪದ ಕಡೆಯ ಹಳ್ಳಿಯೊಂದು ಕಲಿಸಿತು. ತುಂಗಭದ್ರೆಯ ನೀರುಂಡು ಬತ್ತ ಬೆಳೆಯುವ ಆ ಸೀಮೆಯಲ್ಲಿ ದಿನವೆಲ್ಲ ಗದ್ದೆಯಲ್ಲಿ ದುಡಿದವರು ರಾತ್ರಿ ಗುಡಿಯಲ್ಲಿ ಭಜನೆಗೆ ಕೂಡುತ್ತಾರೆ. ನಾವು ಅವರಿಗೆ ಹಾಡಿ ತೋರಿಸಲು ಹೋಗಿದ್ದೆವು. ವಿದ್ಯುತ್ತು ಹೋಯಿತು, ಮೈಕು ಮೂಕವಾಯಿತು. ಗಾಬರಿಗೊಂಡ ಮಕ್ಕಳು ಕಿರಿಚತೊಡಗಿದರು, ಲಯ ಓಡಿತು. ಆಗ ಭಜನೆಯ ಹಿರಿಯರೊಬ್ಬರು ತಮ್ಮ ತಾಳವನ್ನು ಕೈಗೆತ್ತಿಕೊಂಡು, 'ಓಡಬ್ಯಾಡ್ರಪ್ಪಾ, ಹಾಡು ಎಲ್ಲಿಗೂ ಹೋಗಂಗಿಲ್ಲ' ಎಂದು ನಿಧಾನವಾಗಿ ಪೆಟ್ಟು ಹಾಕಿದರು. ಮಕ್ಕಳ ದನಿ ಆ ಪೆಟ್ಟಿಗೆ ಇಳಿದು ಕೂಡಿಕೊಂಡಿತು. ಆ ರಾತ್ರಿ ನಾವು ಹಾಡಿದ್ದಕ್ಕಿಂತ ಅವರ ತತ್ವಪದಗಳನ್ನು ಕೇಳಿದ್ದೇ ಹೆಚ್ಚು. ಈಗ ಯಾವ ಊರಿಗೆ ಹೋದರೂ ಮೊದಲು ಆ ಊರಿನವರ ಒಂದು ಹಾಡನ್ನು ಕೇಳಿ, ಅನಂತರವೇ ನಮ್ಮದನ್ನು ಆರಂಭಿಸುತ್ತೇವೆ.

ಆದರೆ ನನ್ನನ್ನು ನಿಜವಾಗಿ ತಲೆತಗ್ಗಿಸುವಂತೆ ಮಾಡಿದ್ದು ಕುರುಗೋಡು. ಶರಣರ ಕಾಲದಲ್ಲಿ ಸಿಂದ ಅರಸರ ಆಳ್ವಿಕೆಗೆ ಒಳಪಟ್ಟಿದ್ದ ಆ ಊರಿನಲ್ಲಿ ಏಕಶಿಲೆಯ ಬೃಹತ್ ನಂದಿಯಾಗಿ ದೊಡ್ಡಬಸವೇಶ್ವರನು ನೆಲೆಸಿದ್ದಾನೆ. ಗುಡಿಯ ಮುಂದೆ ನಮ್ಮ ಮಕ್ಕಳು ದೇಹವನ್ನೇ ದೇಗುಲವೆಂದು ಕಾಣುವ ಬಸವಣ್ಣನವರ ಪ್ರಸಿದ್ಧ ವಚನವನ್ನು ಹಾಡಿದರು. ಸ್ವರ ಶುದ್ಧವಾಗಿತ್ತು, ಉಚ್ಚಾರ ಸ್ಪಷ್ಟವಾಗಿತ್ತು, ನಾನು ಹಿಗ್ಗಿದ್ದೆ. ಮುಂದೆ ಕುಳಿತಿದ್ದ ಮುದುಕಿಯೊಬ್ಬಳು ಒಬ್ಬ ಹುಡುಗನನ್ನು ಕರೆದು, 'ತಮ್ಮಾ, ಸ್ಥಾವರ ಅಂದ್ರ ಏನಪ್ಪಾ? ಅದಕ್ಕ ಅಳಿವು ಐತಿ ಅಂತ ಹಾಡಿದಿರಿ. ಒಳಗಿರೋ ನಮ್ಮ ಬಸಪ್ಪ ಸ್ಥಾವರನೊ, ಅಲ್ಲೊ?' ಎಂದು ಕೇಳಿದಳು. ಹುಡುಗ ನನ್ನ ಮುಖ ನೋಡಿದ. ವ್ಯಾಕರಣ, ಛಂದಸ್ಸು, ಅಲಂಕಾರಗಳನ್ನು ಓದಿದ್ದ ನಾನು ನೆಲ ನೋಡಿದೆ. ಆಕೆಯ ನಂಬಿಕೆಗೆ ನೋವಾಗದಂತೆ, ವಚನದ ಮೊನೆಯೂ ಮೊಂಡಾಗದಂತೆ ಉತ್ತರ ಹೇಳುವುದನ್ನು ನಾನು ಮಕ್ಕಳಿಗೂ ಕಲಿಸಿರಲಿಲ್ಲ, ನನಗೂ ಕಲಿಸಿಕೊಂಡಿರಲಿಲ್ಲ.

ಮರಳಿ ಬಂದು ಒಂದು ವಾರ ಹಾಡು ನಿಲ್ಲಿಸಿ ಅರ್ಥವನ್ನೇ ಚರ್ಚಿಸಿದೆವು. ಮತ್ತೆ ಕುರುಗೋಡಿಗೆ ಹೋದಾಗ ಎಂಟನೆಯ ತರಗತಿಯ ಹುಡುಗಿಯೊಬ್ಬಳು ಆ ಅಜ್ಜಿಯ ಬಳಿ ಕುಳಿತು ಹೇಳಿದಳು: 'ಅಜ್ಜೀ, ಕಲ್ಲಿನ ಗುಡಿ ಕಟ್ಟೋಕೆ ರೊಕ್ಕ ಬೇಕು. ರೊಕ್ಕ ಇಲ್ಲದವರು ಏನು ಮಾಡಬೇಕು? ಅವರ ಮೈಯೇ ಗುಡಿ ಅಂದ್ರು ಬಸವಣ್ಣನವರು. ಕಟ್ಟಿದ್ದು ಒಂದಿನ ಬೀಳ್ತದೆ, ನಡೆಯೋ ನಡತೆ ಉಳೀತದೆ.' ಮುದುಕಿ ಸ್ವಲ್ಪ ಹೊತ್ತು ಸುಮ್ಮನಿದ್ದು, 'ಈಗ ಇನ್ನೊಮ್ಮೆ ಹಾಡವ್ವ, ತಿಳಿದು ಕೇಳ್ತೀನಿ' ಎಂದಳು.

ಮಹಾಗಾಯಕರ ವಚನಗಾಯನವೆಲ್ಲ ಮೊಬೈಲಿನಲ್ಲಿಯೇ ಕೇಳಲು ಸಿಗುವ ಈ ಕಾಲದಲ್ಲಿ ಮಕ್ಕಳನ್ನು ಊರೂರಿಗೆ ಏಕೆ ಕರೆದೊಯ್ಯಬೇಕು ಎಂದು ಕೇಳುವವರಿಗೆ ಇದೇ ನನ್ನ ಉತ್ತರ. ಯಂತ್ರವು ಹಾಡಬಲ್ಲದು, ಆದರೆ ಅದರ ಎದುರು ಹಾಡುವ ಮಗುವನ್ನು ಆ ಮುದುಕಿಯಂತೆ ಯಾರೂ ತಡೆದು ಕೇಳುವುದಿಲ್ಲ.

ಆದುದರಿಂದ ಉಪಾಧ್ಯಾಯ ಮಿತ್ರರಲ್ಲಿ ನನ್ನ ಬಿನ್ನಹವಿಷ್ಟು: ಸಿರಿಕಂಠದ ನಾಲ್ವರನ್ನೇ ಆರಿಸದೆ, ಅರ್ಥ ಹೇಳಬಲ್ಲ ಮಗುವಿಗೂ ವೃಂದದಲ್ಲಿ ಎಡೆ ಕೊಡಿ. ಹಳೆಯ ವಿದ್ಯಾರ್ಥಿಗಳು ತಮ್ಮ ತಮ್ಮ ಊರ ಅಂಗಳಕ್ಕೆ ನಮ್ಮನ್ನು ಕರೆಯಿರಿ. ದಾನಿಗಳು ವಾಹನ, ಪ್ರಸಾದಗಳ ವೆಚ್ಚವನ್ನು ಪಾಠದ ವೆಚ್ಚವೆಂದೇ ಬಗೆದು ನೆರವಾಗಿರಿ. ಮಕ್ಕಳು ತಪ್ಪಿದರೆ ತಿದ್ದಿರಿ; ತಿಳಿಯದಿದ್ದರೆ ಕೇಳಿರಿ. ನಿಮ್ಮ ಚಪ್ಪಾಳೆಗಿಂತ ನಿಮ್ಮ ಪ್ರಶ್ನೆಯು ಅವರನ್ನು ಬೆಳೆಸುತ್ತದೆ.