ಹೆಬ್ಬೆಟ್ಟು ನಮ್ಮದೇ

ಭದ್ರಾವತಿ ಹಳೇನಗರದ ನಮ್ಮ ರಾತ್ರಿ ಶಾಲೆಯಲ್ಲಿ ಒಂದು ಪದ್ಧತಿ ಇದೆ. ಯಾರು ಮೊದಲ ಸಲ ತಪ್ಪಿಲ್ಲದೆ ತಮ್ಮ ಹೆಸರು ಬರೆಯುತ್ತಾರೋ ಅವರು ಆ ದಿನ ಎಲ್ಲರಿಗೂ ಮಂಡಕ್ಕಿ ತರಿಸಬೇಕು. ಹೋದ ವರ್ಷ ಅಡಿಕೆ ಸುಲಿಯಲು ಹೋಗುವ ಒಬ್ಬ ಅಕ್ಕ ಮಂಡಕ್ಕಿ ತರಿಸಿದರು. ಆ ದಿನ ಅವರು ಹೇಳಿದ ಮಾತು ನಮಗೆ ಇನ್ನೂ ನೆನಪಿದೆ.

"ಇನ್ನು ಮೇಲೆ ನಾನು ಹೆಬ್ಬೆಟ್ಟು ಒತ್ತೋದಿಲ್ಲ ನೋಡಿ. ಸಹಿ ಹಾಕ್ತೀನಿ."

ನಾವೆಲ್ಲ ಚಪ್ಪಾಳೆ ತಟ್ಟಿದೆವು. ಹೆಬ್ಬೆಟ್ಟು ಎಂದರೆ ನಮ್ಮ ಅಜ್ಜಿಯರ ಕಾಲದ ಮಾತು ಎಂದುಕೊಂಡಿದ್ದೆವು. ಸಾಹುಕಾರ ಖಾಲಿ ಕಾಗದ ಚಾಚುತ್ತಿದ್ದ. ಅಜ್ಜಿ ಮಸಿ ಹಚ್ಚಿ ಒತ್ತುತ್ತಿದ್ದಳು. ಆಮೇಲೆ ಕಾಗದದಲ್ಲಿ ಏನು ಬರೆದ, ಎಷ್ಟು ಬರೆದ ಎನ್ನುವುದು ಅವನಿಗೆ ಮಾತ್ರ ಗೊತ್ತು.

ಆದರೆ ಹೆಬ್ಬೆಟ್ಟು ಹೋಗಿಲ್ಲ. ಮಸಿ ಮಾತ್ರ ಹೋಗಿದೆ. ಈಗ ಅದನ್ನು ಯಂತ್ರದ ಮೇಲೆ ಒತ್ತುತ್ತೇವೆ.

ಅಕ್ಕನ ಖಾತೆಯಲ್ಲಿ 8,000 ರೂಪಾಯಿ ಇತ್ತು. ಗೃಹಲಕ್ಷ್ಮಿ ಯೋಜನೆಯ ನಾಲ್ಕು ಕಂತು. ಈ ಯೋಜನೆ 2023ರ ಆಗಸ್ಟ್ 30ರಂದು ಶುರುವಾಯಿತು. ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ ಎಂದು ನಿಮಗೆಲ್ಲ ಗೊತ್ತು. ಮಗಳ ಕಾಲೇಜಿನ ಫೀಸಿಗೆ ಬೇಕು ಎಂದು ಅಕ್ಕ ಅದನ್ನು ಮುಟ್ಟದೆ ಇಟ್ಟಿದ್ದರು. ಒಂದು ಸೋಮವಾರ ಬೆಳಿಗ್ಗೆ ಬೀದಿಗೆ ಒಬ್ಬ ಹುಡುಗ ಬಂದ. ಕೈಯಲ್ಲಿ ಮೊಬೈಲು, ಜೊತೆಗೆ ಬೆರಳು ಒತ್ತುವ ಸಣ್ಣ ಪೆಟ್ಟಿಗೆ.

"ಅಮ್ಮಾ, ಬ್ಯಾಂಕಿಗೆ ಯಾಕೆ ಹೋಗ್ತೀರಿ? ಇಲ್ಲೇ ದುಡ್ಡು ಕೊಡ್ತೀನಿ."

ಅಕ್ಕನಿಗೆ 1,000 ರೂಪಾಯಿ ಬೇಕಿತ್ತು. ಆಧಾರ್ ಸಂಖ್ಯೆ ಹೇಳಿದರು. ಬ್ಯಾಂಕಿನ ಹೆಸರು ಹೇಳಿದರು. ಬೆರಳು ಒತ್ತಿದರು.

"ಬೆರಳು ಬರ್ಲಿಲ್ಲ ಅಮ್ಮಾ. ಇನ್ನೊಂದ್ ಸಲ ಒತ್ತಿ."

ಒತ್ತಿದರು.

"ಥೋ, ಇದೂ ಬರ್ಲಿಲ್ಲ. ಕೈ ಒರೆಸ್ಕೊಂಡು ಒತ್ತಿ."

ಮತ್ತೆ ಒತ್ತಿದರು. ಹುಡುಗ 1,000 ರೂಪಾಯಿ ಎಣಿಸಿ ಕೊಟ್ಟು ಮುಂದಿನ ಮನೆಗೆ ಹೋದ. ಚೀಟಿ ಕೊಡಲಿಲ್ಲ. ಅಕ್ಕ ಕೇಳಲೂ ಇಲ್ಲ. ಯಾಕೆ ಅನುಮಾನ ಬರಬೇಕು ಹೇಳಿ? ಮೆಟ್ಟುಗತ್ತಿಯ ಮುಂದೆ ಕೂತು ವರ್ಷಗಟ್ಟಲೆ ಅಡಿಕೆ ಸುಲಿದ ಕೈ. ಕರೆ ಹಿಡಿದು, ಬೆರಳಿನ ಗೆರೆಗಳು ಸವೆದು ಹೋಗಿವೆ. ರೇಷನ್ ಅಂಗಡಿಯಲ್ಲೂ ಅವರ ಬೆರಳು ಒಂದೇ ಸಲಕ್ಕೆ ಬರುವುದಿಲ್ಲ. ಪಾತ್ರೆ ತಿಕ್ಕುವವರು, ಇಟ್ಟಿಗೆ ಹೊರುವವರು, ಬೀಡಿ ಕಟ್ಟುವವರು, ನಮ್ಮೆಲ್ಲರ ಬೆರಳೂ ಹಾಗೆಯೇ. ದುಡಿದ ಕೈಯನ್ನೇ ಅವನು ನೆಪ ಮಾಡಿಕೊಂಡ.

ಬುಧವಾರ ಅಕ್ಕ ಬ್ಯಾಂಕಿಗೆ ಹೋಗಿ ಪಾಸ್‌ಬುಕ್ಕಿಗೆ ಎಂಟ್ರಿ ಹಾಕಿಸಿದರು. ಸಂಜೆ ಶಾಲೆಗೆ ತಂದರು. ತಾವೇ ಓದಲು ಕೂತರು. ಒಂದು ಸಾಲಿನಲ್ಲಿ 1,000. ಅದರ ಕೆಳಗೆ 2,000. ಅದರ ಕೆಳಗೆ ಇನ್ನೊಂದು 2,000. ಮೂರಕ್ಕೂ ಒಂದೇ ತಾರೀಖು. ಕೊನೆಯಲ್ಲಿ ಉಳಿದದ್ದು 3,000.

"ಇದೆಂತದು? ನಾನು ತಗೊಂಡಿದ್ದು ಒಂದ್ಸಲ. 7,000 ಇರ್ಬೇಕಿತ್ತಲ್ಲ?"

ಲೆಕ್ಕ ಸರಿಯಾಗಿಯೇ ಇತ್ತು. ಮೂರು ಸಲವೂ ಬೆರಳು ಬಂದಿತ್ತು. ಎರಡು ಸಲದ ಹಣ ಹುಡುಗನ ಕಡೆಗೆ ಹೋಗಿತ್ತು.

ಆ ಪೆಟ್ಟಿಗೆ ಕೆಲಸ ಮಾಡುವ ರೀತಿ ಹೀಗೆ. ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಬೆರಳು, ಈ ಮೂರಿದ್ದರೆ ಖಾತೆಯಿಂದ ಹಣ ತೆಗೆಯಬಹುದು. ಒಮ್ಮೆಗೆ 10,000 ರೂಪಾಯಿವರೆಗೆ ತೆಗೆಯಬಹುದು. ಎ.ಟಿ.ಎಂ. ಕಾರ್ಡು ಬೇಡ. ಗುಟ್ಟಿನ ನಂಬರು ಬೇಡ. ಮೊಬೈಲಿಗೆ ಓ.ಟಿ.ಪಿ. ಬರುವುದಿಲ್ಲ. ವ್ಯವಸ್ಥೆ ಕೆಟ್ಟದ್ದು ಎಂದು ನಾವು ಹೇಳುವುದಿಲ್ಲ. ಬ್ಯಾಂಕು ದೂರ ಇರುವ ಹಳ್ಳಿಯವರಿಗೆ, ನಡೆಯಲಾಗದ ಅಜ್ಜಿಗೆ ಇದರಿಂದ ಅನುಕೂಲ. ಅಂಚೆಯಣ್ಣ ಮನೆ ಬಾಗಿಲಿಗೆ ಹಣ ತಂದು ಕೊಡುವುದೂ ಹೀಗೆಯೇ. ಆದರೆ ಬೀಗದ ಕೈ ನಮ್ಮ ಬೆರಳ ತುದಿಯಲ್ಲಿದೆ. ಬೀಗ ಕೆಟ್ಟರೆ ಬೇರೆ ಬೀಗ ತರಬಹುದು. ಬೆರಳು ಬೇರೆ ತರಲಾಗುವುದಿಲ್ಲ.

ಇಲ್ಲಿ ಒಂದು ಹಳೆಯ ಕತೆ ಹೇಳಬೇಕು. 1858ರಲ್ಲಿ ಬಂಗಾಳದಲ್ಲಿ ಹರ್ಷೆಲ್ ಎಂಬ ಇಂಗ್ಲಿಷ್ ಅಧಿಕಾರಿ ಇದ್ದ. ರಸ್ತೆಗೆ ಜಲ್ಲಿ ಒದಗಿಸುವ ಒಬ್ಬ ಗುತ್ತಿಗೆದಾರನ ಕೈಗೆ ಮಸಿ ಹಚ್ಚಿ ಕರಾರುಪತ್ರದ ಮೇಲೆ ಒತ್ತಿಸಿದ. ಆ ಮನುಷ್ಯ ನಾಳೆ "ಇದು ನನ್ನದಲ್ಲ" ಎನ್ನಬಾರದು, ಅದಕ್ಕೆ. ಬೆರಳಚ್ಚಿನ ಬಳಕೆ ಬೆಳೆದದ್ದು ಹಾಗೆ. ಬಡವನ ಮಾತು ನಂಬುವುದಿಲ್ಲ, ಅವನ ಕೈ ನಂಬುತ್ತೇವೆ ಎಂದ ಹಾಗೆ. ಈಗ ನಮ್ಮ ಕೈಯನ್ನೇ ಬೇರೆಯವರು ಕದಿಯುತ್ತಿದ್ದಾರೆ.

ಕದಿಯುವುದು ಎಂದರೆ ನಿಜವಾಗಿಯೂ ಕದಿಯುವುದು. 2023ರಲ್ಲಿ ಬೆಂಗಳೂರಿನಲ್ಲಿ ಹೀಗಾಯಿತು. ಮನೆ, ಸೈಟು ನೋಂದಣಿ ಮಾಡಿಸಿದ ಎಷ್ಟೋ ಜನರ ಖಾತೆಯಿಂದ ಹಣ ಹೋಯಿತು. ಅವರು ಯಾವ ಪೆಟ್ಟಿಗೆಯ ಮೇಲೂ ಬೆರಳು ಒತ್ತಿರಲಿಲ್ಲ. ಯಾರಿಗೂ ಓ.ಟಿ.ಪಿ. ಹೇಳಿರಲಿಲ್ಲ. ಹಾಗಾದರೆ ಹೇಗೆ? ನೋಂದಣಿ ಪತ್ರದಲ್ಲಿ ಅವರ ಬೆರಳಿನ ಗುರುತು ಇತ್ತು, ಆಧಾರ್ ಸಂಖ್ಯೆಯೂ ಇತ್ತು. ಆ ಪತ್ರಗಳ ಪ್ರತಿ ನೋಂದಣಿ ಇಲಾಖೆಯ 'ಕಾವೇರಿ' ಜಾಲತಾಣದಲ್ಲಿ ಸಿಗುತ್ತಿತ್ತು. ಕಳ್ಳರು ಪ್ರತಿ ತೆಗೆದುಕೊಂಡು, ಗುರುತಿನಿಂದ ನಕಲಿ ಬೆರಳಚ್ಚು ಮಾಡಿ ಹಣ ತೆಗೆದರು. ಪೊಲೀಸರು ತನಿಖೆ ಮಾಡಿ ಕೆಲವರನ್ನು ಹಿಡಿದರು. ಆಮೇಲೆ ಇಲಾಖೆಯವರು ಪ್ರತಿಗಳಲ್ಲಿ ಬೆರಳಿನ ಗುರುತು ಕಾಣದಂತೆ ಮಾಡಲು ಕ್ರಮ ತೆಗೆದುಕೊಂಡರು.

ಸೈಟು ಕೊಂಡವರಲ್ಲಿ ಚೆನ್ನಾಗಿ ಓದು ಬಂದವರೂ ಇದ್ದರು. ಆದ್ದರಿಂದ ಮೋಸ ಹೋದ ಅಕ್ಕ "ನಾನು ದಡ್ಡಿ, ಅದಕ್ಕೇ ಹೀಗಾಯ್ತು" ಎಂದು ಅಳಬೇಕಾಗಿಲ್ಲ. ನಾಚಿಕೆಯಿಂದ ಬಾಯಿ ಮುಚ್ಚಿಕೊಂಡರೆ ಕಳ್ಳನಿಗೇ ಲಾಭ.

ಬೆರಳು ಒತ್ತುವ ಮೊದಲು ಹುಡುಗನ ಮೊಬೈಲು ನಿಮ್ಮ ಕಡೆ ತಿರುಗಿಸಲು ಹೇಳಿ. ಪರದೆಯ ಮೇಲೆ ಇಂಗ್ಲಿಷ್ ಇರಬಹುದು. ಇರಲಿ. ಅಂಕಿ ಓದಲು ನಿಮಗೆ ಬರುತ್ತದೆ. ನೀವು ಕೇಳಿದ್ದು 1,000 ಆದರೆ ಅಲ್ಲಿ 1 ಮತ್ತು ಮೂರು ಸೊನ್ನೆ ಇರಬೇಕು. 'ಬೆರಳು ಬರಲಿಲ್ಲ' ಎಂದರೆ 'ಬರಲಿಲ್ಲ ಅನ್ನೋ ಚೀಟಿ ಕೊಡು' ಎನ್ನಿ. ಚೀಟಿ ಇಲ್ಲದೆ ಎರಡನೇ ಸಲ ಒತ್ತಬೇಡಿ. 'ಬರೀ ಬಾಕಿ ನೋಡ್ತೀನಿ, ಒತ್ತಿ' ಎಂದರೂ ಇದೇ ಮಾತು. ಹುಡುಗ ಗೊಣಗಬಹುದು. ಹಿಂದೆ ನಿಂತವರು 'ಬೇಗ ಬೇಗ' ಎನ್ನಬಹುದು. ಗೊಣಗಲಿ ಬಿಡಿ. ದುಡ್ಡು ಅವರದ್ದಲ್ಲ.

ಹೊಸ ಸಿಮ್ ಕೊಳ್ಳುವಾಗಲೂ ಇದೇ ಆಟ ನಡೆಯುತ್ತದೆ. 'ಬೆರಳು ಬರಲಿಲ್ಲ' ಎಂದು ಎರಡು ಸಲ ಒತ್ತಿಸಿ, ನಮ್ಮ ಹೆಸರಿನಲ್ಲಿ ಎರಡು ಸಿಮ್ ಮಾಡುತ್ತಾರೆ. ಒಂದು ನಮಗೆ, ಇನ್ನೊಂದು ಯಾರಿಗೋ. ಆ ಯಾರೋ ಮೋಸ ಮಾಡಿದರೆ ಪೊಲೀಸರು ಮೊದಲು ಹುಡುಕಿಕೊಂಡು ಬರುವುದು ನಮ್ಮ ಮನೆಗೆ. ನಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಎಂದು 'ಸಂಚಾರ್ ಸಾಥಿ' ಎಂಬ ಸರ್ಕಾರಿ ಜಾಲತಾಣದಲ್ಲಿ ನೋಡಬಹುದು. ನಮ್ಮದಲ್ಲದ್ದನ್ನು 'ನನ್ನದಲ್ಲ' ಎಂದು ತಿಳಿಸಬಹುದು. ಮಗನಿಗೋ ಮಗಳಿಗೋ ಹೇಳಿ, ಪಕ್ಕದಲ್ಲೇ ಕೂತು ನೋಡಿ.

ಇನ್ನು ಜೆರಾಕ್ಸ್. ಶಿವಮೊಗ್ಗಕ್ಕೆ ಕಚೇರಿ ಕೆಲಸಕ್ಕೆ ಹೋದರೆ ಒಂದು ಬೇಕೆಂದಲ್ಲಿ ಮೂರು ಪ್ರತಿ ಮಾಡಿಸುತ್ತೇವೆ. 'ಇರಲಿ, ಬೇಕಾಗ್ತದೆ.' ಮಸುಕಾಗಿ ಬಂದ ಪ್ರತಿಯನ್ನು ಅಂಗಡಿಯಲ್ಲೇ ಬಿಟ್ಟು ಬರುತ್ತೇವೆ. ಒಮ್ಮೆ ನಾವು ಬಸ್ ನಿಲ್ದಾಣದ ಬಳಿ ಕಡಲೆಕಾಯಿ ಕೊಂಡೆವು. ಪೊಟ್ಟಣ ಬಿಚ್ಚಿದರೆ ಯಾರದೋ ಆಧಾರ್ ಕಾರ್ಡಿನ ಜೆರಾಕ್ಸ್! ಫೋಟೋ, ವಿಳಾಸ, ಹನ್ನೆರಡು ಅಂಕಿ, ಎಲ್ಲ ಸ್ಪಷ್ಟ. ಕಡಲೆಕಾಯಿ ತಿಂದು ಕಾಗದವನ್ನು ಚೂರು ಚೂರು ಮಾಡಿ ಎಸೆದೆವು. ನಮ್ಮ ಕಾಗದ ಯಾವ ಪೊಟ್ಟಣ ಆಗಿದೆಯೋ!

ಆದ್ದರಿಂದ ಕೆಟ್ಟ ಪ್ರತಿಯನ್ನು ಕೇಳಿ ತೆಗೆದುಕೊಂಡು ಹರಿಯಿರಿ. ಕೊಡುವ ಪ್ರತಿಯ ಮೇಲೆ ಅಡ್ಡಲಾಗಿ ಒಂದು ಸಾಲು ಬರೆಯಿರಿ. ಈಗ ಬರೆಯಲು ಬರುತ್ತದಲ್ಲ! ಇದನ್ನು ನೋಟ್ ಪುಸ್ತಕದಲ್ಲಿ ಎರಡು ಸಲ ಬರೆದು ನೋಡಿ:

ಹೊಸ ಸಿಮ್ ಪಡೆಯಲು ಮಾತ್ರ. ಬೇರೆ ಕೆಲಸಕ್ಕೆ ಅಲ್ಲ.

ಕೆಳಗೆ ತಾರೀಖು ಮತ್ತು ಸಹಿ. ಅಕ್ಷರ ಕಾರ್ಡಿನ ಚಿತ್ರದ ಮೇಲೆಯೇ ಹಾದು ಹೋಗಬೇಕು. ಪಕ್ಕದ ಖಾಲಿ ಜಾಗದಲ್ಲಿ ಬರೆದರೆ ಕತ್ತರಿಸಿ ಬಿಡುತ್ತಾರೆ. ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಆಧಾರ್ ಪ್ರತಿಯೂ ಆಧಾರ್ ಸಂಸ್ಥೆಯ ಜಾಲತಾಣದಲ್ಲಿ ಸಿಗುತ್ತದೆ. ಸಿಮ್‌ಗೆ, ಬ್ಯಾಂಕ್ ಖಾತೆಗೆ ಆಧಾರ್ ಕಡ್ಡಾಯ ಅಲ್ಲ ಎಂದು 2018ರ ಸೆಪ್ಟೆಂಬರ್ 26ರಂದು ಸುಪ್ರೀಂ ಕೋರ್ಟು ಹೇಳಿದೆ. ಸರ್ಕಾರದ ಸಹಾಯಧನಕ್ಕೆ ಆಧಾರ್ ಕೇಳಬಹುದು ಎಂದೂ ಹೇಳಿದೆ.

ಎಲ್ಲಕ್ಕಿಂತ ಕಷ್ಟದ್ದು ಇನ್ನೊಂದಿದೆ. ಕೇಳುವವಳು ಪಕ್ಕದ ಮನೆಯವಳು, ಇಲ್ಲವೇ ನಾದಿನಿ. "ಅಕ್ಕಾ, ನನಗೆ ಸಂಘದ ಸಾಲ ಸಿಕ್ತಾ ಇಲ್ಲ. ನಿನ್ನ ಕಾರ್ಡಲ್ಲಿ ತೆಗಿ. ಕಂತು ನಾನು ಕಟ್ತೀನಿ." ಹೇಗೆ ಇಲ್ಲ ಎನ್ನುವುದು? ನಾವೂ ಅವಳ ಮನೆಯ ಸಾರು ತಿಂದವರೇ. ಆದರೆ ಕಾಗದದಲ್ಲಿ ಹೆಸರು, ಬೆರಳು ನಮ್ಮದು. ಅವಳು ಊರು ಬಿಟ್ಟರೆ ಕಂತಿನವರು ನಮ್ಮ ಬಾಗಿಲಿಗೆ ಬರುತ್ತಾರೆ. ಅವಳದ್ದು ಮೋಸ ಅಲ್ಲದಿರಬಹುದು, ಬರೀ ಕಷ್ಟ ಇರಬಹುದು. ಆದರೂ ಸಾಲ ನಮ್ಮದೇ. ಕೈಯಲ್ಲಿದ್ದರೆ 500 ರೂಪಾಯಿ ಕೊಡಿ. ಹೆಸರು ಕೊಡಬೇಡಿ.

ಬೆರಳಿಗೆ ಬೀಗ ಹಾಕುವ ದಾರಿಯೂ ಇದೆ. ಆಧಾರ್ ಸಂಸ್ಥೆಯ ಆಪ್‌ನಲ್ಲಿ ಬೆರಳಚ್ಚನ್ನು ಲಾಕ್ ಮಾಡಬಹುದು. ಆಗ ನಕಲಿ ಬೆರಳು ತಂದರೂ ಹಣ ಬರುವುದಿಲ್ಲ. ಇದಕ್ಕೆ ನಿಮ್ಮ ಮೊಬೈಲ್ ನಂಬರು ಆಧಾರ್‌ಗೆ ಜೋಡಣೆ ಆಗಿರಬೇಕು. ಒಂದು ತೊಂದರೆ ಉಂಟು. ಲಾಕ್ ಆಗಿದ್ದರೆ ರೇಷನ್ ಅಂಗಡಿಯಲ್ಲೂ ಬೆರಳು ನಡೆಯುವುದಿಲ್ಲ. ರೇಷನ್ ದಿನ ತೆರೆದು, ಮತ್ತೆ ಹಾಕಬೇಕು. ಸಂಶಯ ಇದ್ದರೆ 1947ಕ್ಕೆ ಫೋನ್ ಮಾಡಿ ಕೇಳಿ. ಅದು ಆಧಾರ್ ಸಂಸ್ಥೆಯ ನಂಬರು. ಸ್ವಾತಂತ್ರ್ಯ ಬಂದ ವರ್ಷ, ಮರೆಯುವುದಿಲ್ಲ.

ಈಗ ನಮ್ಮ ಅಕ್ಕನ ಸಂಗತಿ. ಬುಧವಾರ ರಾತ್ರಿ ಶಾಲೆಯಿಂದಲೇ 1930ಕ್ಕೆ ಫೋನ್ ಮಾಡಿದೆವು. ಇದು ಇಂಥ ಮೋಸಗಳಿಗೆಂದೇ ಇರುವ ಸಹಾಯವಾಣಿ. ಖಾತೆ ನಂಬರು, ಹಣ, ತಾರೀಖು ಕೇಳಿದರು. ಪಾಸ್‌ಬುಕ್ ನೋಡಿ ಅಕ್ಕನೇ ಓದಿ ಹೇಳಿದರು. ದೂರಿನ ನಂಬರು ಕೊಟ್ಟರು, ಬರೆದುಕೊಂಡೆವು. ಬೆಳಿಗ್ಗೆ ಎದ್ದವರೇ ಬ್ಯಾಂಕಿಗೆ ಹೋದೆವು. ಯಾಕೆ ಅವಸರ ಎಂದರೆ, 2017ರ ಜುಲೈನಲ್ಲಿ ರಿಸರ್ವ್ ಬ್ಯಾಂಕು ಒಂದು ಆದೇಶ ಮಾಡಿದೆ. ನಮ್ಮ ತಪ್ಪಾಗಲಿ ಬ್ಯಾಂಕಿನ ತಪ್ಪಾಗಲಿ ಇಲ್ಲದೆ, ಹೊರಗಿನವರ ಮೋಸದಿಂದ ಹಣ ಹೋದರೆ ವಿಷಯ ತಿಳಿದ ಮೂರು ಕೆಲಸದ ದಿನದೊಳಗೆ ಬ್ಯಾಂಕಿಗೆ ತಿಳಿಸಬೇಕು. ತಿಳಿಸಿದರೆ ನಷ್ಟ ನಮ್ಮ ಮೇಲೆ ಬೀಳಬಾರದು.

ಕೌಂಟರಿನಲ್ಲಿ "ಬೆರಳು ನೀವೇ ಒತ್ತಿದ್ದೀರಲ್ಲಮ್ಮಾ" ಎಂದರು. ಅಕ್ಕ "ಒಂದ್ಸಲಕ್ಕೆ ಅಂತ ಒತ್ತಿದ್ದು ಸ್ವಾಮಿ" ಎಂದರು. ಅರ್ಜಿಯನ್ನು ತಾವೇ ಬರೆದರು. ಎರಡು ಕಡೆ ಒತ್ತು ತಪ್ಪಿದೆ, ಒಂದು ಕಡೆ 'ಹಣ' 'ಹನ' ಆಗಿದೆ. ನಾವು ತಿದ್ದಲಿಲ್ಲ. ಅರ್ಜಿಯ ನಕಲಿನ ಮೇಲೆ ಮೊಹರು ಹಾಕಿಸಿಕೊಂಡೆವು. ಆಮೇಲೆ ಪೊಲೀಸ್ ಠಾಣೆಗೆ ಹೋದೆವು. ಸೈಬರ್ ಮೋಸ ನೋಡುವ ಸಿ.ಇ.ಎನ್. ಠಾಣೆ ಶಿವಮೊಗ್ಗದಲ್ಲಿದೆ. ಆದರೆ 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಕಾನೂನಿನಂತೆ ಯಾವ ಠಾಣೆಯಲ್ಲಿ ಬೇಕಾದರೂ ದೂರು ಕೊಡಬಹುದು.

ಹಣ ಇನ್ನೂ ಬಂದಿಲ್ಲ. ಆ ಹುಡುಗನೂ ಆ ಬೀದಿಗೆ ಮತ್ತೆ ಬಂದಿಲ್ಲ. ಬ್ಯಾಂಕು 30 ದಿನದೊಳಗೆ ಸರಿಯಾದ ಉತ್ತರ ಕೊಡದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ವಿಚಾರಿಸಲು ಫೋನ್ 14448. ಅಕ್ಕ ಆ ನಂಬರನ್ನು ಪಾಸ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆದಿಟ್ಟಿದ್ದಾರೆ. ಮೊಹರು ಬಿದ್ದ ಅರ್ಜಿಯನ್ನೂ ಅದರೊಳಗೇ ಮಡಿಸಿಟ್ಟಿದ್ದಾರೆ. 30 ದಿನಕ್ಕೆ ಇನ್ನು 9 ದಿನ ಬಾಕಿ ಇದೆ. ಗೋಡೆಯ ಕ್ಯಾಲೆಂಡರಿನಲ್ಲಿ ದಿನಾ ಒಂದು ಗೀಟು ಹಾಕುತ್ತಿದ್ದಾರೆ.